ಕಿಡ್ನಿ ಪೇಶಂಟ್ ಮೂತ್ರದಾಗ ಪ್ರೋಟೀನ್ ಅಳೆಯೋದು ಹೆಂಗ: ಸಿಂಧನೂರಿನ ಲ್ಯಾಬ್‌ನ್ಯಾಗ ನನ್ನ ಅನುಭವ

ನಾನು ರಾಯಚೂರು ಜಿಲ್ಲೆ ಸಿಂಧನೂರಿನ ಒಂದು ಸಣ್ಣ ಲ್ಯಾಬ್‌ನ್ಯಾಗ ಟೆಕ್ನಿಷಿಯನ್. ಶುಗರ್, ಬಿಪಿ ಆಗಿ ಕಿಡ್ನಿಗೆ ಪೆಟ್ಟು ಬಿದ್ದವರು ಮಸ್ಕಿ ಕಡೆಯಿಂದ, ಸುತ್ತಲಿನ ಕ್ಯಾಂಪುಗಳಿಂದ ಬರ್ತಾನೇ ಇರ್ತಾರ, ಬಂದವರು ಮೊದಲು ಕೇಳೋದು ರಕ್ತದ ಕ್ರಿಯಾಟಿನಿನ್ (ಸ್ನಾಯುವಿನಿಂದ ಬರೋ, ಕಿಡ್ನಿ ಹೊರಗ ಹಾಕೋ ಕಸ) ಎಷ್ಟು ಬಂತು ಅಂತ. ಮೂತ್ರದ ರಿಪೋರ್ಟ್ ಮಡಚಿ ಕಿಸೆಗೆ ಇಟ್ಕೋತಾರ. ಆದ್ರ ಶುಗರ್ ಇದ್ದವರಿಗೆ ಭಾಳ ಸಲ ರಕ್ತದ ಕ್ರಿಯಾಟಿನಿನ್ ಏರೋಕಿಂತ ವರ್ಷಗಳ ಮೊದಲೇ ಮೂತ್ರದಾಗ ಆಲ್ಬುಮಿನ್ ಅನ್ನೋ ಪ್ರೋಟೀನ್ ಸೋರೋಕೆ ಶುರು ಆಗಿರ್ತದ, ಅದಕ್ಕ ಆ ಕಾಗದ ನನಗ ಭಾಳ ಮುಖ್ಯ.

ಮೊದಲು ಸ್ಟ್ರಿಪ್, ಅಂದ್ರ ಮೂತ್ರದಾಗ ಅದ್ದಿ ನೋಡೋ ಪಟ್ಟಿ, ಅದರ ವಿಷಯ. ಸ್ಟ್ರಿಪ್ ಅಗ್ಗ, ಒಂದು ನಿಮಿಷದಾಗ ಬಣ್ಣ ತೋರಿಸ್ತದ, ಆದ್ರ ಆ ಬಣ್ಣ ಡಬ್ಬಿಯೊಳಗಿನ ಮೂತ್ರ ಎಷ್ಟು ಗಟ್ಟಿ ಐತಿ ಅನ್ನೋದರ ಮ್ಯಾಲ ನಿಂತಿರ್ತದ. ನಮ್ಮ ಕಡೆ ಏಪ್ರಿಲ್ ಮೇ ಬಂತಂದ್ರ ಬಿಸಿಲು 40 ಡಿಗ್ರಿ ದಾಟ್ತದ, ಹೊಲದಿಂದ ಸೀದಾ ಬಂದವರ ಮೂತ್ರ ಗಾಢ ಹಳದಿ, ಅದರಾಗ ಸ್ಟ್ರಿಪ್ ಹಾಕಿದ್ರ ಪ್ಲಸ್, ಅಂದ್ರ ಪ್ರೋಟೀನ್ ಐತಿ ಅಂತ ಬರ್ತದ. ಇನ್ನೊಬ್ಬರು ಲ್ಯಾಬ್‌ಗೆ ಬಂದು ಮೂತ್ರ ಬರವಲ್ದು ಅಂತ ಒಂದು ಬಾಟಲಿ ನೀರು ಗಟಗಟ ಕುಡಿದು ಕೊಡ್ತಾರ, ಅದು ನಿಲ್ ಅಂತ ಬರ್ತದ. ಲೆಕ್ಕ ಹಾಕಿ ನೋಡ್ರಿ: ಲೀಟರಿಗೆ ಆಲ್ಬುಮಿನ್ 400 ಮಿಲಿಗ್ರಾಂ, ಕ್ರಿಯಾಟಿನಿನ್ 2 ಗ್ರಾಂ ಇದ್ರ ಸ್ಟ್ರಿಪ್ ಒಂದು ಪ್ಲಸ್ ತೋರಿಸ್ತದ. ಅದೇ ಮೂತ್ರ ನಾಲ್ಕು ಪಟ್ಟು ತೆಳ್ಳಗಾದ್ರ ಆಲ್ಬುಮಿನ್ 100, ಕ್ರಿಯಾಟಿನಿನ್ ಅರ್ಧ ಗ್ರಾಂ, ಸ್ಟ್ರಿಪ್‌ನ್ಯಾಗ ಏನೂ ಕಾಣ್ಸಾಂಗಿಲ್ಲ. ಆದ್ರ ಎರಡರಾಗೂ ಆಲ್ಬುಮಿನ್‌ನ ಕ್ರಿಯಾಟಿನಿನ್‌ನಿಂದ ಭಾಗಿಸಿದ್ರ ಗ್ರಾಮಿಗೆ 200 ಮಿಲಿಗ್ರಾಂ. ಇದೇ ಎಸಿಆರ್, ಅಂದ್ರ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ. 30ರ ಒಳಗ ಇದ್ರ ಎ1 (ಸಾಮಾನ್ಯ ಇಲ್ಲಾ ಸ್ವಲ್ಪ ಜಾಸ್ತಿ), 30ರಿಂದ 300 ಎ2 (ಮಧ್ಯಮ ಜಾಸ್ತಿ), ಅದರ ಮ್ಯಾಲ ಎ3 (ಭಾಳ ಜಾಸ್ತಿ). ಅಂದ್ರ ಸ್ಟ್ರಿಪ್ ನಿಲ್ ಅಂದ ಆ ಪೇಶಂಟ್ ಎ2 ನಡುವಿನಾಗ ಅದಾನ, ಅವನಿಗೆ ಏನೂ ಇಲ್ಲ ಅಂತ ಹೇಳಿ ಮನಿಗೆ ಕಳಿಸಬಾರದು.

ಹಂಗಾಗಿ ನಾನು ಕಿಡ್ನಿ ಪೇಶಂಟ್‌ಗೆ ಹಿಂದಿನ ದಿನಾನೇ ಡಬ್ಬಿ ಕೊಟ್ಟು ಕಳಿಸ್ತೀನಿ, ಬೆಳಿಗ್ಗೆ ಎದ್ದ ಕೂಡ್ಲೆ ಮೊದಲನೇ ಮೂತ್ರ, ಶುರುವಿಂದು ಸ್ವಲ್ಪ ಬಿಟ್ಟು ನಡುವಿಂದು ಹಿಡೀರಿ, ಮೊದಲ ಬಸ್ಸಿಗೇ ಬಂದುಬಿಡ್ರಿ ಅಂತ. ತಡ ಆಗೋ ಹಂಗಿದ್ರ ಫ್ರಿಜ್‌ನ್ಯಾಗ ಕೆಳಗ ಇಡ್ರಿ, ಫ್ರೀಜರ್‌ನ್ಯಾಗ ಬ್ಯಾಡ. ಡಬ್ಬಿ ಕೊಡೋವಾಗ್ಲೇ ಕೇಳ್ತೀನಿ, ಜ್ವರ ಐತೇನು, ಉರಿಮೂತ್ರ ಐತೇನು, ಹೆಣ್ಮಕ್ಕಳಿಗೆ ಮುಟ್ಟಿನ ದಿನ ಏನು, ನಿನ್ನೆ ಭಾಳ ಮೈಮುರಿದು ದುಡಿದೀರೇನು. ಇವೆಲ್ಲ ಪ್ರೋಟೀನ್ ಸುಳ್ಳಾಗಿ ಏರಿಸ್ತಾವ. ಹೆಣ್ಮಕ್ಕಳು ನನ್ನ ಮುಂದ ಹೇಳೋಕೆ ನಾಚ್ತಾರ ಅಂತ ನಮ್ಮ ಲ್ಯಾಬ್‌ನ ಅಕ್ಕನ ಕೈಲಿ ಕೇಳಿಸ್ತೀನಿ. ಮತ್ತ ಒಂದೇ ಸಲ ಜಾಸ್ತಿ ಬಂತು ಅಂತ ಯಾರೂ ಎದೆ ಒಡ್ಕೋಬಾರದು, ದಿನದಿಂದ ದಿನಕ್ಕ ಇದು ಭಾಳ ಏರಿಳಿತದ, ಇನ್ನೊಮ್ಮೆ ಬೆಳಗಿನ ಮೂತ್ರದಾಗ ನೋಡಿ, ಮೂರು ತಿಂಗಳಿಗಿಂತ ಹೆಚ್ಚು ಉಳಿದ್ರನ ಹಳೇ ಕಾಯಿಲೆ ಅಂತ ಲೆಕ್ಕ.

24 ತಾಸಿನ ಮೂತ್ರ ಈಗ ಕಡಿಮೆ ಆಗೈತಿ, ಆದ್ರೂ ಡಾಕ್ಟರು ಕೆಲವೊಮ್ಮೆ ಬರೀತಾರ. ಬೆಳಿಗ್ಗೆ ಆರಕ್ಕ ಮೊದಲನೇದು ಚೆಲ್ಲಿಬಿಡ್ರಿ, ಅಲ್ಲಿಂದ ಎಲ್ಲಾನೂ ಕ್ಯಾನಿಗೆ ಹಾಕ್ರಿ, ಮರುದಿನ ಆರರದು ಹಾಕಿ ಮುಗಿಸ್ರಿ ಅಂತ ಹೇಳಿ, ಅವರ ಬಾಯಿಂದಲೇ ಒಮ್ಮೆ ಹೇಳಿಸಿ ಕಳಿಸ್ತೀನಿ. ಹೊಲಕ್ಕ ಹೋದಾಗ ಅಲ್ಲೇ ಹೊಯ್ದು ಬಂದ್ರ ಲೆಕ್ಕ ಪೂರಾ ಕೆಡ್ತದ, ಅದನ್ನ ಹಿಡಿಯೋದು ಕ್ರಿಯಾಟಿನಿನ್‌ನಿಂದನೇ. ಗಂಡಸಿಗೆ ದಿನಕ್ಕ ಕಿಲೋಗೆ ಸುಮಾರು 15ರಿಂದ 25 ಮಿಲಿಗ್ರಾಂ ಹೋಗಬೇಕು, 60 ಕಿಲೋ ಮನುಷ್ಯನ ಕ್ಯಾನ್‌ನ್ಯಾಗ ಬರೀ 400 ಮಿಲಿಗ್ರಾಂ ಇದ್ರ ಅದು ಅರ್ಧ ಮೂತ್ರ, ಆ ಪ್ರೋಟೀನ್ ನಂಬರ್ ಬರೆದು ಕೊಡೋಕೆ ನನಗ ಮನಸ್ಸು ಬರಾಂಗಿಲ್ಲ. ಸೊರಗಿದ ಮುದುಕರಿಗೆ ಸ್ನಾಯು ಕಡಿಮೆ, ಕ್ರಿಯಾಟಿನಿನ್ನೂ ಕಡಿಮೆ, ಅವರ ಎಸಿಆರ್ ಇರೋದಕ್ಕಿಂತ ಜಾಸ್ತಿ ಕಾಣ್ತದ, ಅಂಥವರಿಗೆ ಈ ಕ್ಯಾನ್ ಉಪಯೋಗಕ್ಕ ಬರ್ತದ.

ಇನ್ನೊಂದು, ಎಸಿಆರ್ ಬ್ಯಾರೆ, ಪಿಸಿಆರ್ (ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ) ಬ್ಯಾರೆ. ಪಿಸಿಆರ್‌ನ್ಯಾಗ ಎಲ್ಲಾ ಪ್ರೋಟೀನೂ ಬರ್ತದ, ಅದರ 500 ಅಂದ್ರ ಎಸಿಆರ್‌ನ 300ರ ಹತ್ತಿರ ಹತ್ತಿರ. ಹೋದ ಸಲ ಒಂದು ಮಾಡಿಸಿ ಈ ಸಲ ಇನ್ನೊಂದು ಮಾಡಿಸಿ, ಮಾತ್ರೆ ಕೆಲಸ ಮಾಡವಲ್ದು ಅಂತ ಅಳೋವರನ್ನ ನೋಡೀನಿ, ಅದಕ್ಕ ಹಳೇ ರಿಪೋರ್ಟ್ ತರಿಸಿ ಅದೇ ಟೆಸ್ಟ್, ಅದೇ ಯೂನಿಟ್ ಐತೋ ಇಲ್ಲೋ ನೋಡಿನೇ ಮುಂದಿನ ಕೆಲಸ. ಸ್ಟ್ರಿಪ್ ಹಿಡಿಯೋದು ಹೆಚ್ಚಾಗಿ ಆಲ್ಬುಮಿನ್ನೇ, ಮೈಲೋಮಾ ಅನ್ನೋ ಮಜ್ಜೆಯ ಕ್ಯಾನ್ಸರ್‌ನ್ಯಾಗ ಬರೋ ಲೈಟ್ ಚೈನ್ ಅನ್ನೋ ಪ್ರೋಟೀನ್ ಅದರ ಕಣ್ಣಿಗೆ ಬೀಳಾಂಗಿಲ್ಲ. ವಯಸ್ಸಾದವರಿಗೆ ಸ್ಟ್ರಿಪ್ ನಿಲ್, ಪಿಸಿಆರ್ ಮಾತ್ರ ಭಾಳ ಜಾಸ್ತಿ ಬಂದ್ರ ನಾನು ರಿಪೋರ್ಟ್ ಕೊಟ್ಟು ಸುಮ್ಮನಾಗಾಂಗಿಲ್ಲ, ಡಾಕ್ಟರಿಗೆ ನಾನೇ ಫೋನ್ ಮಾಡಿ ಎರಡೂ ನಂಬರ್ ಓದಿ ಹೇಳ್ತೀನಿ, ಉಳಿದ ಮೂತ್ರ ಚೆಲ್ಲದೇ ಫ್ರಿಜ್‌ನ್ಯಾಗ ಇಟ್ಟಿರ್ತೀನಿ, ಎಲೆಕ್ಟ್ರೋಫೊರೆಸಿಸ್‌ಗೆ (ಪ್ರೋಟೀನ್‌ಗಳನ್ನ ಬ್ಯಾರೆ ಬ್ಯಾರೆ ಮಾಡಿ ನೋಡೋ ಟೆಸ್ಟ್) ಕಳಿಸು ಅಂದ್ರ ಬೇಕಾಗ್ತದ ಅಂತ.