ಹಳೆಯ ಎಫ್-150ಕ್ಕೆ ಕ್ರೂಸ್ ಕಂಟ್ರೋಲ್: ಹಿಡಿಸುವುದು ಸುಲಭ, ಬಿಡಿಸುವುದೇ ಕೆಲಸ

ಆಕ್ಸಿಲರೇಟರನ್ನು ಒಂದು ಮೋಟಾರಿನಿಂದ ಎಳೆಸುವುದು ಅಂಥ ದೊಡ್ಡ ವಿದ್ಯೆಯೇನಲ್ಲ. ಎಳೆದದ್ದನ್ನು ಅದು ನಾವು ಬೇಕೆಂದ ಕ್ಷಣದಲ್ಲಿ, ಯಾವ ನೆಪವನ್ನೂ ಹೇಳದೆ ಬಿಟ್ಟುಬಿಡುವಂತೆ ಮಾಡುವುದು ಬೇರೆ ಮಾತು. ನನ್ನ ಪಿಕಪ್‌ಗೆ ಕ್ರೂಸ್ ಕಂಟ್ರೋಲ್ (ಕಾಲು ಒತ್ತದೆಯೇ ಗಾಡಿಯನ್ನು ಒಂದೇ ವೇಗದಲ್ಲಿ ಓಡಿಸುವ ಸಾಧನ) ಹಾಕಿಕೊಂಡಾಗ ಮುಕ್ಕಾಲು ಪಾಲು ಸಮಯ ಹೋದದ್ದು ಈ ಎರಡನೆಯದಕ್ಕೇ. ಹಾಕಿಕೊಳ್ಳುವ ಯೋಚನೆ ಇದ್ದವರು ಅದನ್ನು ಮೊದಲೇ ತಿಳಿದಿರಲಿ ಅಂತ ಬರೆಯುತ್ತಿದ್ದೇನೆ.

ಗಾಡಿ 1995ರ ಫೋರ್ಡ್ ಎಫ್-150. ಸಾಲಾಗಿ ಆರು ಸಿಲಿಂಡರಿನ 4.9 ಲೀಟರ್ ಇಂಜಿನ್, ಐದು ಗೇರಿನ ಮ್ಯಾನುಯಲ್. ಇಲ್ಲಿ ಅಮೆರಿಕದ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಕನ್ನಡ ಕೂಟದಲ್ಲಿ ಪಿಕಪ್ ಇರುವವನು ನಾನೊಬ್ಬನೇ ಆದ್ದರಿಂದ ರಾಜ್ಯೋತ್ಸವ ಬಂತೆಂದರೆ ಸ್ಪೀಕರು, ಪರದೆ, ಬಿಸಿಬೇಳೆಬಾತಿನ ದೊಡ್ಡ ಪಾತ್ರೆ ಎಲ್ಲ ನನ್ನ ಗಾಡಿಗೇ. ಡಾಲಸ್‌ಗೆ ಹೋಗಿಬರುವುದೆಂದರೆ ಸುಮಾರು 400 ಮೈಲಿ. ಬಲಗಾಲನ್ನು ಅಷ್ಟು ಹೊತ್ತು ಒಂದೇ ಕೋನದಲ್ಲಿ ಹಿಡಿದಿಟ್ಟರೆ ಮಂಡಿ ಮಾತಾಡಲು ಶುರುಮಾಡುವ ವಯಸ್ಸು ನನ್ನದು. ಈ ಗಾಡಿ ಫ್ಯಾಕ್ಟರಿಯಿಂದಲೇ ಕ್ರೂಸ್ ಇಲ್ಲದೆ ಬಂದದ್ದು. ಆ ಕಾಲದ ಮೂಲ ಮಾಡೆಲ್‌ಗಳಲ್ಲಿ ಅದಕ್ಕೆ ಬೇರೆ ದುಡ್ಡು ಕೊಡಬೇಕಿತ್ತು.

ಮೊದಲ ದಾರಿ ಗುಜರಿ. ಅದೇ ವರ್ಷದ, ಕ್ರೂಸ್ ಇದ್ದ ಗಾಡಿಯಿಂದ ಸರ್ವೊ (ಆಕ್ಸಿಲರೇಟರ್ ಎಳೆಯುವ ಡಬ್ಬಿ), ಕೇಬಲ್, ಸ್ಟೀರಿಂಗ್ ಬಟನ್ ಎಲ್ಲ ಕಿತ್ತು ತಂದು ಹಾಕುವುದು. ಅಗ್ಗ, ನೋಡಲೂ ಕಂಪನಿಯದೇ ಅನಿಸುತ್ತದೆ. ಆದರೆ ಎಫ್-150ರಲ್ಲಿ 1994ರಿಂದ ಡ್ರೈವರ್ ಏರ್‌ಬ್ಯಾಗ್ ಬಂತು, ಕ್ರೂಸ್ ಬಟನ್‌ಗಳು ಇರುವುದು ಅದರ ಅಕ್ಕಪಕ್ಕದಲ್ಲೇ. ಗುಜರಿಯಲ್ಲಿ ಬಿಸಿಲಿಗೆ ಬಿದ್ದಿದ್ದ ಗಾಡಿಯ ಏರ್‌ಬ್ಯಾಗ್ ಬಿಚ್ಚುವುದು ನನಗೆ ಇಷ್ಟವಿಲ್ಲ. ಇನ್ನೊಂದು ಕಾರಣವೂ ಇತ್ತು. ಆ ಕಾಲದ ಅನೇಕ ಫೋರ್ಡ್‌ಗಳಲ್ಲಿ ಬ್ರೇಕ್ ಆಯಿಲ್‌ನ ಒತ್ತಡ ನೋಡಿ ಕ್ರೂಸನ್ನು ಕಡಿಯುವ ಒಂದು ಸ್ವಿಚ್ ಇದೆ. ಬ್ರೇಕ್ ಲೈಟಿನ ಸ್ವಿಚ್ ಕೈಕೊಟ್ಟರೂ ಇರಲಿ ಎಂದು ಇಟ್ಟ ಎರಡನೇ ಕಾವಲು ಅದು. ಆದರೆ ಅದರೊಳಗಿನ ತೆಳು ಪದರ ಬಿರುಕು ಬಿಟ್ಟು, ಸದಾ ಕರೆಂಟ್ ಇರುವ ಜಾಗಕ್ಕೆ ಆಯಿಲ್ ಇಳಿದು, ಕೀ ತೆಗೆದು ನಿಲ್ಲಿಸಿದ್ದ ಗಾಡಿಗಳಿಗೇ ಬೆಂಕಿ ಹತ್ತಿದವು. ರಿಪೇರಿಗೆಂದು ಗಾಡಿಗಳನ್ನು ಕಂಪನಿ ವಾಪಸು ಕರೆಸುವುದು 1999ರಲ್ಲಿ ಶುರುವಾಗಿ 2009ರ ಹೊತ್ತಿಗೆ ಸುಮಾರು 1 ಕೋಟಿ 40 ಲಕ್ಷ ವಾಹನಗಳವರೆಗೆ ಬೆಳೆಯಿತು. ಕಾವಲಿಗೆ ಅಂತ ಇಟ್ಟದ್ದೇ ಮನೆ ಸುಟ್ಟ ಕಥೆ. ಗುಜರಿಯಿಂದ ತಂದರೆ ಅದೇ ಸ್ವಿಚ್ಚನ್ನು ನಾನೇ ಕೈಯಾರೆ ಕೂರಿಸಿದಂತಾಗುತ್ತಿತ್ತು. ಬೇಡ ಅಂದುಕೊಂಡೆ.

ಹೀಗಾಗಿ ರೋಸ್ಟ್ರಾ ಕಂಪನಿಯ, ಆಕ್ಸಿಲರೇಟರಿಗೆ ಕೇಬಲ್ ಇರುವ ಗಾಡಿಗಳಿಗೆಲ್ಲ ಹೊಂದುವ ಕಿಟ್ ತರಿಸಿದೆ. ಇದರಲ್ಲಿ ಕೇಬಲ್ ಎಳೆಯುವುದು ಎಲೆಕ್ಟ್ರಿಕ್ ಮೋಟಾರು. ಹಳೆಯ ಕಿಟ್‌ಗಳು ಇಂಜಿನ್ ಗಾಳಿ ಹೀರುವಾಗ ಆಗುವ ವ್ಯಾಕ್ಯೂಮ್‌ನಿಂದ ಎಳೆಯುತ್ತಿದ್ದವು. ಅದರ ತೊಂದರೆ ಏನೆಂದರೆ, ಏರು ಹತ್ತುವಾಗ ಥ್ರಾಟಲ್ (ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಅಗಲವಾಗಿ ತೆರೆದಷ್ಟೂ ವ್ಯಾಕ್ಯೂಮ್ ಬಿದ್ದುಹೋಗುತ್ತದೆ. ಅಂದರೆ ಜೋರಾಗಿ ಎಳೆಯಬೇಕಾದ ಹೊತ್ತಿಗೇ ಎಳೆಯುವ ಶಕ್ತಿ ಇಲ್ಲ. ಅದಕ್ಕೊಂದು ವ್ಯಾಕ್ಯೂಮ್ ಡಬ್ಬಿ, ಅದಕ್ಕೊಂದು ವಾಲ್ವ್, ಇಪ್ಪತ್ತು ವರ್ಷದ ರಬ್ಬರ್ ಪೈಪು. ಮೋಟಾರಾದರೆ ಇದ್ಯಾವುದೂ ಇಲ್ಲ.

ಸರ್ವೊ ಎಲ್ಲಿ ಕೂರಿಸುವುದು ಅನ್ನುವುದು ಈ ಇಂಜಿನ್ನಿನಲ್ಲಿ ಸುಲಭವಾಗಿ ತೀರ್ಮಾನವಾಗುತ್ತದೆ. ಇದರ ಇನ್‌ಟೇಕೂ ಎಕ್ಸಾಸ್ಟೂ ಒಂದೇ ಪಕ್ಕ, ಬಲಗಡೆಗೆ. ಬಿಸಿಯೆಲ್ಲ ಅಲ್ಲೇ. ಆದ್ದರಿಂದ ಡ್ರೈವರ್ ಕಡೆಯ ಒಳ ಮಡ್‌ಗಾರ್ಡಿಗೆ ಕೂರಿಸಿ, ಕೇಬಲ್ಲನ್ನು ದೊಡ್ಡ ಬಾಗಿನಲ್ಲಿ ತಂದೆ. ಎಲ್ಲೂ ಮೊಣಕೈಯಂತೆ ಮಡಚಬಾರದು.

ಈಗ ಕೇಬಲ್ಲಿನ ತುದಿ. ಇಲ್ಲಿ ನಿಧಾನಿಸಿ. ಕೇಬಲ್ಲಿನ ಹೊರಕವಚವನ್ನು ಬಾಡಿಗೆ ಬಿಗಿದರೆ ಸಾಲದು. ಥ್ರಾಟಲ್‌ನ ಪಕ್ಕದಲ್ಲಿ, ಇಂಜಿನ್ನಿಗೇ ಸೇರಿದ ಬ್ರಾಕೆಟ್‌ಗೆ ಬಿಗಿಯಬೇಕು. ಯಾಕೆಂದರೆ ಗೇರಿಗೆ ಹಾಕಿ ಎಳೆದಾಗ ಇಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ಒಂದು ಕಡೆಗೆ ವಾಲುತ್ತದೆ. ಕವಚ ಬಾಡಿಗೆ ಕಟ್ಟಿದ್ದರೆ ಆ ವಾಲುವಿಕೆಯೇ ಥ್ರಾಟಲ್ ಎಳೆದುಬಿಡಬಹುದು. ತುದಿಯಲ್ಲಿ ಕೊಡುವುದು ಮಣಿಸರ, ಹಳೆಯ ಬ್ಯಾಂಕುಗಳಲ್ಲಿ ಪೆನ್ನಿಗೆ ಕಟ್ಟಿರುತ್ತಿದ್ದರಲ್ಲ, ಅಂಥದ್ದು. ಯಾಕೆ ಸರ, ಗಟ್ಟಿ ಕಡ್ಡಿ ಯಾಕಲ್ಲ? ಕಾಲಿನಿಂದ ಒತ್ತಿದಾಗ ಸರ ಸಡಿಲವಾಗಿ ಜೋತುಬಿದ್ದು ದಾರಿ ಬಿಡುತ್ತದೆ, ಸರ್ವೊ ಎಳೆದಾಗ ಬಿಗಿಯಾಗುತ್ತದೆ; ಎಳೆಯಬಲ್ಲದು, ತಳ್ಳಲಾರದು. ಐಡಲಿನಲ್ಲಿ ಸರದಲ್ಲಿ ಕೊಂಚ ಸಡಿಲ ಇರಲೇಬೇಕು. ಸಡಿಲವೇ ಇಲ್ಲದಿದ್ದರೆ ಥ್ರಾಟಲ್ ಪೂರ್ತಿ ಮುಚ್ಚುವುದಿಲ್ಲ; ಹೆಚ್ಚಾದರೆ ಸರ್ವೊ ಬರೀ ಗಾಳಿ ಎಳೆದು, ವೇಗ ಗಂಟೆಗೆ ನಾಲ್ಕೈದು ಮೈಲಿ ಇಳಿದ ಮೇಲೆ ಎಚ್ಚರಾಗುತ್ತದೆ. ಸರ ಪಕ್ಕದ ಯಾವ ಬೋಲ್ಟಿನ ಮೂಲೆಗಾದರೂ ಸಿಕ್ಕಿಕೊಳ್ಳುತ್ತದೆಯಾ ಅಂತ ಥ್ರಾಟಲ್‌ನ ಲಿವರನ್ನು ಕೈಯಲ್ಲಿ ಪೂರ್ತಿ ತಿರುಗಿಸಿ, ಪಟ್ಟನೆ ಬಿಟ್ಟು, ಮತ್ತೆ ಮತ್ತೆ ನೋಡಿ. ಇಂಜಿನ್ ಆಫ್ ಇರಲಿ. ನನ್ನದರಲ್ಲಿ ಒಂದು ಹೋಸ್ ಕ್ಲಿಪ್ಪಿನ ಬಾಲ ಸರಿಯಾಗಿ ದಾರಿಯಲ್ಲೇ ಇತ್ತು. ಕ್ಲಿಪ್ಪನ್ನು ಅರ್ಧ ಸುತ್ತು ತಿರುಗಿಸಿದ ಮೇಲೇ ಮುಂದಿನ ಕೆಲಸ.

ಗಾಡಿ ಎಷ್ಟು ಸ್ಪೀಡಿನಲ್ಲಿದೆ ಎಂದು ಕಿಟ್ಟಿಗೆ ತಿಳಿಯಬೇಕಲ್ಲ. ಈ ಫೋರ್ಡ್‌ನಲ್ಲಿ ಹಿಂದಿನ ಡಿಫರೆನ್ಷಿಯಲ್ ಮೇಲಿನ ಸೆನ್ಸರ್‌ನಿಂದ ಸ್ಪೀಡೋಮೀಟರಿಗೆ ಸಿಗ್ನಲ್ ಹೋಗಿ, ಅಲ್ಲಿಂದ ಮೈಲಿಗೆ 8000 ಪಲ್ಸ್ (ಕರೆಂಟಿನ ಮಿಡಿತ) ಲೆಕ್ಕದಲ್ಲಿ ಹೊರಬರುತ್ತದೆ. ಸರಿಯಾದ ವೈರು ಹಿಡಿದಿದ್ದೇನೆಯೇ ಅಂತ ನೋಡುವುದಕ್ಕೆ ಒಂದು ಸರಳ ಗಣಿತ ಸಾಕು: 60 ಮೈಲಿ ವೇಗದಲ್ಲಿ ನಿಮಿಷಕ್ಕೆ ಒಂದು ಮೈಲಿ, ಅಂದರೆ 60 ಸೆಕೆಂಡಿಗೆ 8000 ಪಲ್ಸ್, ಸೆಕೆಂಡಿಗೆ 133. ಮಲ್ಟಿಮೀಟರನ್ನು ಹರ್ಟ್ಸ್‌ಗೆ ಇಟ್ಟು ಪಕ್ಕದ ಸೀಟಿನಲ್ಲಿ ಹೆಂಡತಿಯನ್ನು ಕೂರಿಸಿ ಓದಿಸಿದೆ. 30 ಮೈಲಿಗೆ 66, 67 ಅಂದಳು. ಸಾಕು. ಬಣ್ಣ ನೋಡಿ ವೈರು ಹಿಡಿಯುವುದಕ್ಕಿಂತ ಇದು ನೂರು ಪಾಲು ಮೇಲು. ಮೂವತ್ತು ವರ್ಷದ ಗಾಡಿಯಲ್ಲಿ ಯಾರು ಯಾವ ವೈರನ್ನು ಎಲ್ಲಿ ಸೇರಿಸಿದ್ದಾರೋ ಯಾರಿಗೆ ಗೊತ್ತು. ಇನ್ನೂ ಹಳೆಯ, ಸ್ಪೀಡೋಮೀಟರಿಗೆ ತಿರುಗುವ ಕೇಬಲ್ ಇರುವ ಗಾಡಿಯಾದರೆ ಪ್ರೊಪೆಲ್ಲರ್ ಶಾಫ್ಟಿಗೆ ಮ್ಯಾಗ್ನೆಟ್ ಕಟ್ಟಿ ಎದುರಿಗೆ ಒಂದು ಕಾಯಿಲ್ ಇಡಬೇಕು. ಅದನ್ನು ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ ಇಡುವುದು ಜಾಣತನ. ಆಕ್ಸಲ್ ಕಡೆಯ ತುದಿ ಸ್ಪ್ರಿಂಗ್ ಜೊತೆ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ, ಅಂತರ ನಿಲ್ಲುವುದಿಲ್ಲ.

ಇಷ್ಟು ಹಿಡಿಸುವ ಭಾಗ. ಇನ್ನು ಬಿಡಿಸುವುದು.

ಬ್ರೇಕ್ ಪೆಡಲಿನ ಸ್ವಿಚ್ಚಿಗೆ ಕಿಟ್‌ನಿಂದ ಎರಡು ವೈರು ಬರುತ್ತವೆ. ಕೆಂಪು, ಸದಾ ಕರೆಂಟ್ ಇರುವ ಕಡೆಗೆ. ನೇರಳೆ, ಬ್ರೇಕ್ ಲೈಟಿಗೆ ಹೋಗುವ ಕಡೆಗೆ. ಈ ನೇರಳೆ ವೈರಿನ ಯೋಚನೆ ಬಹಳ ಚೆನ್ನಾಗಿದೆ. ಪೆಡಲ್ ಒತ್ತದೆ ಇರುವಾಗ ಅದು ಬ್ರೇಕ್ ಲೈಟಿನ ಬಲ್ಬಿನ ತಂತಿಯ ಮೂಲಕ ಅರ್ಥ್ ನೋಡುತ್ತಿರುತ್ತದೆ. ಬಲ್ಬಿನ ತಂತಿಗೆ ಕೆಲವೇ ಓಮ್. ಅರ್ಥ್ ಕಂಡರೆ ಮಾತ್ರ ಕ್ರೂಸ್ ಹಿಡಿಯುತ್ತದೆ. ಪೆಡಲ್ ಒತ್ತಿದರೆ ಅಲ್ಲಿಗೆ 12 ವೋಲ್ಟ್ ಬಂತು, ಬಿಟ್ಟಿತು. ವೈರು ತುಂಡಾದರೂ ಅರ್ಥ್ ಹೋಯಿತು, ಬಿಟ್ಟಿತು. ಬಲ್ಬುಗಳೆಲ್ಲ ಸುಟ್ಟುಹೋಗಿದ್ದರೂ ಹಿಡಿಯುವುದಿಲ್ಲ. ವೈರು, ಬಲ್ಬು ಯಾವುದು ಕೆಟ್ಟರೂ ಕೆಡುವುದು ಕ್ಷೇಮದ ಕಡೆಗೆ.

ನನ್ನ ಗಾಡಿಯ ಹಿಂದಿನ ಮಾಲೀಕರು ಬ್ರೇಕ್ ಲೈಟುಗಳಿಗೆಲ್ಲ ಎಲ್‌ಇಡಿ ಬಲ್ಬ್ ಹಾಕಿಸಿದ್ದರು. ಎಲ್‌ಇಡಿಯಲ್ಲಿ ಆ ಕೆಲವೇ ಓಮ್‌ನ ದಾರಿ ಇಲ್ಲ. ವೈರಿಂಗ್ ಎಲ್ಲ ಸರಿಯಿದ್ದರೂ ಕ್ರೂಸ್ ಹಿಡಿಯಲೊಲ್ಲದು. ಇದಕ್ಕೆ ಎಲ್ಲರೂ ಹೇಳುವ ಪರಿಹಾರ ಐದು ಪಿನ್ನಿನ ರಿಲೇ (ಕಾಯಿಲ್‌ಗೆ ಕರೆಂಟ್ ಬಂದಾಗ 30ನೇ ಪಿನ್ನನ್ನು 87ಎ ಪಿನ್ನಿನಿಂದ 87ಕ್ಕೆ ಹೊರಳಿಸುವ ಸ್ವಿಚ್): 30ಕ್ಕೆ ನೇರಳೆ ವೈರು, 87ಎಗೆ ಅರ್ಥ್, 87ಕ್ಕೆ 12 ವೋಲ್ಟ್, ಕಾಯಿಲ್‌ಗೆ ಬ್ರೇಕ್ ಲೈಟಿನ ಕರೆಂಟ್. ಕೆಲಸ ಮಾಡುತ್ತದೆ, ಸಂಶಯವಿಲ್ಲ. ಆದರೆ ಕಾಗದದ ಮೇಲೆ ಬರೆದು ನೋಡಿ: ರಿಲೇ ಕಾಯಿಲ್‌ನ ವೈರು ಒಂದು ದಿನ ಕಳಚಿತು ಅನ್ನಿ. ನೇರಳೆ ವೈರು 87ಎ ಮೂಲಕ ಅರ್ಥನ್ನು ನೋಡುತ್ತಲೇ ಇರುತ್ತದೆ. ನೀವು ಬ್ರೇಕ್ ತುಳಿದರೂ ಕಿಟ್ಟಿಗೆ ಸುದ್ದಿಯೇ ಮುಟ್ಟುವುದಿಲ್ಲ. ಕ್ಷೇಮದ ಕಡೆಗೆ ಕೆಡುತ್ತಿದ್ದದ್ದನ್ನು ಅಪಾಯದ ಕಡೆಗೆ ತಿರುಗಿಸಿದ ಹಾಗಾಯಿತು. ನಾನು ರಿಲೇ ಪಕ್ಕಕ್ಕಿಟ್ಟು, ಅಂಗಡಿಗೆ ಹೋಗಿ ಮಾಮೂಲಿ ತಂತಿಯ ಬಲ್ಬು ತಂದು ಹಾಕಿದೆ. ಹೊಳಪು ಒಂದಿಷ್ಟು ಕಡಿಮೆ. ಇರಲಿ.

ಕ್ಲಚ್ಚಿಗೂ ಇಂಥದ್ದೇ ಏರ್ಪಾಡು ಬೇಕು. ಕ್ರೂಸ್ ಹಿಡಿದಿರುವಾಗ ಕ್ಲಚ್ ಒತ್ತಿದರೆ ಇಂಜಿನ್ನಿಗೆ ಭಾರವೇ ಇಲ್ಲ, ಆರ್‌ಪಿಎಂ ಆಕಾಶಕ್ಕೆ. ಕ್ಲಚ್ ಒತ್ತದೆ ಸ್ಟಾರ್ಟ್ ಆಗದ ಹಾಗೆ ತಡೆಯುವ ಸ್ವಿಚ್ ಹೇಗೂ ಇದೆಯಲ್ಲ, ಅದನ್ನೇ ಬಳಸೋಣ ಅನಿಸುತ್ತದೆ. ಅದು ಉಲ್ಟಾ: ಒತ್ತಿದಾಗ ಕೂಡುತ್ತದೆ. ನಮಗೆ ಒತ್ತಿದಾಗ ಕಡಿಯುವುದು ಬೇಕು. ಪೆಡಲಿನ ಮೇಲ್ಗಡೆ ಬೇರೆಯೇ ಒಂದು ಪ್ಲಂಜರ್ ಸ್ವಿಚ್ ಕೂರಿಸಿ, ಅದನ್ನು ನೇರಳೆ ವೈರಿನ ದಾರಿಯಲ್ಲೇ ಸೇರಿಸಿದೆ. ಕ್ಲಚ್ ಮೇಲೆ ಕಾಲಿಟ್ಟ ಮೊದಲ ಅರ್ಧ ಇಂಚಿನಲ್ಲೇ ಕಡಿಯುವಂತೆ ಅದರ ನಟ್ ಹೊಂದಿಸಿದ್ದೇನೆ.

ಬಟನ್ನುಗಳ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. ಸ್ಟೀರಿಂಗ್ ಕಾಲಮ್ಮಿಗೆ ಕಟ್ಟುವ ಕಡ್ಡಿಯಂಥ ಸ್ವಿಚ್ ತೆಗೆದುಕೊಂಡೆ, ಇಗ್ನಿಷನ್ ಆನ್ ಆದಾಗ ಮಾತ್ರ ಕರೆಂಟ್ ಬರುವ ಕಡೆಯಿಂದ ಫ್ಯೂಸ್ ಹಾಕಿ ಕೊಟ್ಟೆ. ಕಿಟ್ಟು, ಸ್ವಿಚ್ಚು ಎಲ್ಲ ಸೇರಿ ಮುನ್ನೂರು ಡಾಲರ್ ಆಸುಪಾಸು.

ಇಲ್ಲಿ ಒಂದು ಪಕ್ಕದ ಮಾತು. ಈ ಉಪಕರಣ ಹುಟ್ಟಿಸಿದ ರಾಲ್ಫ್ ಟೀಟರ್‌ಗೆ ಐದನೇ ವಯಸ್ಸಿನಿಂದ ಕಣ್ಣು ಕಾಣುತ್ತಿರಲಿಲ್ಲ. ಇಂಡಿಯಾನಾದ ಹೇಗರ್ಸ್‌ಟೌನಿನ ಇಂಜಿನಿಯರ್. ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ ವಕೀಲರು ಮಾತಿಗೆ ತಕ್ಕಂತೆ ಗಾಡಿಯನ್ನು ಜಗ್ಗಿಸಿ ಓಡಿಸುತ್ತಿದ್ದದ್ದು ತಡೆಯಲಾಗದೆ ಇದರ ಯೋಚನೆ ಬಂತಂತೆ. ಪೇಟೆಂಟ್ ಸಿಕ್ಕಿದ್ದು 1950ರಲ್ಲಿ, ಕಾರಿಗೆ ಬಂದದ್ದು ಕ್ರೈಸ್ಲರ್‌ನ 1958ರ ಮಾಡೆಲ್‌ಗಳಲ್ಲಿ. ಅವರ ಮೊದಲ ಯೋಜನೆಯಲ್ಲಿ ಆಕ್ಸಿಲರೇಟರನ್ನು ಹಿಡಿದಿಡುವುದೇ ಇರಲಿಲ್ಲ. ನಿಗದಿ ಮಾಡಿದ ವೇಗ ಮುಟ್ಟಿದಾಗ ಪೆಡಲ್ ಕಾಲನ್ನು ವಾಪಸು ತಳ್ಳುತ್ತಿತ್ತು, ಅಷ್ಟೇ. ಹಿಡಿದಿಡುವ ಬೀಗ ಆಮೇಲೆ ಬಂದದ್ದು. ವೇಗ ಅಳೆಯಲು ಅವರು ನೆಚ್ಚಿದ್ದು ತಿರುಗುವ ಗುಂಡುಗಳ ಗವರ್ನರನ್ನು. ನಮ್ಮ ಕಡೆ ಹಿಟ್ಟಿನ ಗಿರಣಿ ಓಡಿಸುತ್ತಿದ್ದ ಡೀಸೆಲ್ ಇಂಜಿನ್ನುಗಳಲ್ಲೂ ಇದೇ ತತ್ವದ ಗವರ್ನರ್. ಧಾನ್ಯ ಸುರಿದಾಗ ಸದ್ದು ಒಂದು ಕ್ಷಣ ಕುಗ್ಗಿ ಮತ್ತೆ ಅದೇ ಲಯಕ್ಕೆ ಬರುತ್ತಿತ್ತಲ್ಲ, ಅದು ಅದರ ಕೆಲಸ.

ರಸ್ತೆಗೆ ತಂದಾಗ ಮೊದಲು ಹಿಡಿಸಿ ಖುಷಿಪಡುವುದಲ್ಲ, ಬಿಡಿಸಿ ನೋಡುವುದು. ಖಾಲಿ ರಸ್ತೆಯಲ್ಲಿ 45 ಮೈಲಿಗೆ ಸೆಟ್ ಮಾಡಿ, ಬ್ರೇಕನ್ನು ಬೆರಳತುದಿಯಷ್ಟು ಮುಟ್ಟಿದೆ. ಬಿಟ್ಟಿತು. ಮತ್ತೆ ಹಿಡಿಸಿ ಕ್ಲಚ್. ಮತ್ತೆ ಹಿಡಿಸಿ ಆಫ್ ಬಟನ್. ಇಷ್ಟೂ ಆದಮೇಲೇ 290ನೇ ಹೈವೇ ಹಿಡಿದು ಜಾನ್ಸನ್ ಸಿಟಿ ಕಡೆ ಹೊರಟದ್ದು. ಆಸ್ಟಿನ್‌ನಿಂದ ಪಶ್ಚಿಮಕ್ಕೆ ಹೋದರೆ ಏರಿಳಿತ ಧಾರಾಳ.

ಅಲ್ಲಿ ಗೊತ್ತಾಗುವುದು ಗೇನ್ ಸೆಟ್ಟಿಂಗಿನ ಮಹಿಮೆ. ಕಿಟ್‌ನ ಮೈಮೇಲೆ ಪುಟ್ಟ ಸ್ವಿಚ್ಚುಗಳ ಒಂದು ಸಾಲಿದೆ. ಪಲ್ಸ್ ಎಷ್ಟು, ಗೇರ್ ಮ್ಯಾನುಯಲ್ಲೋ ಆಟೋಮ್ಯಾಟಿಕ್ಕೋ, ವೇಗ ಇಳಿದಾಗ ಎಷ್ಟು ಗಾಬರಿಯಿಂದ ಎಳೆಯಬೇಕು (ಇದೇ ಗೇನ್) ಎಲ್ಲ ಅಲ್ಲೇ. ಗೇನ್ ಹೆಚ್ಚಿಟ್ಟರೆ ಸಮತಟ್ಟಿನಲ್ಲೂ ಗಾಡಿ ಎಳೆದು ಬಿಟ್ಟು, ಎಳೆದು ಬಿಟ್ಟು ಹೋಗುತ್ತದೆ. ಪಕ್ಕದಲ್ಲಿದ್ದವರಿಗೆ ಹೊಟ್ಟೆ ತೊಳಸುತ್ತದೆ, ಟೀಟರ್‌ರ ವಕೀಲರೇ ಓಡಿಸಿದಂತೆ. ಕಡಿಮೆಯಿಟ್ಟರೆ ಏರಿನಲ್ಲಿ 60ರಿಂದ 54ಕ್ಕೆ ಇಳಿದಮೇಲೆ ನೆನಪಾಗುತ್ತದೆ. ಈ ಇಂಜಿನ್ನಿಗೆ ಕೆಳಗಿನ ಆರ್‌ಪಿಎಂನಲ್ಲೇ ಎಳೆತ ಜಾಸ್ತಿ, ಆದ್ದರಿಂದ ಕಡಿಮೆ ಗೇನೇ ಹೊಂದಿತು. ಏರಿನಲ್ಲಿ ಎರಡು ಮೂರು ಮೈಲಿ ಇಳಿದರೆ ನನಗೆ ಬೇಸರವಿಲ್ಲ. ಮ್ಯಾನುಯಲ್ ಗಾಡಿಯಲ್ಲಿ ಒಂದು ಮಾತು ನೆನಪಿರಲಿ: ಕ್ರೂಸಿಗೆ ನೀವು ಯಾವ ಗೇರಿನಲ್ಲಿದ್ದೀರಿ ಅನ್ನುವುದು ಬೇಕಿಲ್ಲ. ಐದನೇ ಗೇರಿನಲ್ಲಿ ಇಂಜಿನ್ ಮುಕ್ಕರಿಯುತ್ತಿದ್ದರೂ ಅದು ಥ್ರಾಟಲ್ ತೆರೆಯುತ್ತಲೇ ಹೋಗುತ್ತದೆ. ಗೇರ್ ಇಳಿಸಬೇಕಾದವರು ನೀವೇ.

ಮಳೆ ಬಂದರೆ ಆಫ್. ಹಿಂದೆ ಸಾಮಾನಿಲ್ಲದ ಪಿಕಪ್‌ನ ಹಿಂಚಕ್ರಗಳ ಮೇಲೆ ಭಾರವೇ ಇರುವುದಿಲ್ಲ. ನೀರಿನ ಮೇಲೆ ಚಕ್ರ ಜಾರುವ ಹೊತ್ತಿಗೆ ಥ್ರಾಟಲ್ ಮೋಟಾರಿನ ಕೈಯಲ್ಲಿರುವುದು ನನಗೆ ಒಪ್ಪಿಗೆಯಿಲ್ಲ. ಪೆಟ್ರೋಲ್ ಉಳಿಯುತ್ತದೆಯೇ ಅಂತ ಕೇಳುವವರಿಗೆ, ಮಂಡಿ ಉಳಿಯುತ್ತದೆ ಅನ್ನುತ್ತೇನೆ.

ಇದರ ಫೋಟೊ ನೋಡಿ ದಾವಣಗೆರೆಯಿಂದ ತಮ್ಮ ಫೋನ್ ಮಾಡಿದ್ದ. "ಅಣ್ಣ, ನಮ್ಮ ಹಳೇ ಬೊಲೆರೊ ಪಿಕಪ್‌ಗೂ ಹಾಕ್ಬಹುದಾ? ಹುಬ್ಬಳ್ಳಿ ರೋಡು ಈಗ ಭಾರಿ ಚೆನ್ನಾಗಿದೆ."

"ಮೊದಲು ಆಕ್ಸಿಲರೇಟರ್ ಪೆಡಲಿಂದ ಕೇಬಲ್ ಹೋಗುತ್ತಾ, ಬರೀ ವೈರ್ ಹೋಗುತ್ತಾ ನೋಡಪ್ಪ," ಅಂದೆ. ವೈರಾದರೆ ಪೆಡಲಿಗೂ ಕಂಪ್ಯೂಟರಿಗೂ ನಡುವೆ ಸೇರಿಸುವ ಬೇರೆ ಜಾತಿಯ ಕಿಟ್ ಬೇಕು, ನಾನು ಮಾಡಿದ್ದು ಅಲ್ಲಿ ನಡೆಯುವುದಿಲ್ಲ. ಡೀಸೆಲ್ ಬೇರೆ, ವ್ಯಾಕ್ಯೂಮ್ ಕಿಟ್ ಯಾರಾದರೂ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡ ಅಂದೆ. ರಸ್ತೆಯಲ್ಲಿ ಎದುರಿಂದ ಬರುವ ಬೈಕುಗಳ ವಿಷಯ ಅವನಿಗೆ ನಾನು ಹೇಳಬೇಕಿಲ್ಲ.

ಸಂಜೆ ಫೋಟೊ ಕಳಿಸಿದ. ಕೇಬಲ್ಲೇ. ಇನ್ನೊಂದು ಫೋಟೊದಲ್ಲಿ ಗಾಡಿಯ ಹಿಂಭಾಗ, ಅವನ ಮಗ ಬ್ರೇಕ್ ತುಳಿದು ಹಿಡಿದಿದ್ದಾನೆ, ಎರಡೂ ಲೈಟು ಕತ್ತಲು. ಮೊದಲು ಅದನ್ನು ರಿಪೇರಿ ಮಾಡಿಸು, ಕ್ರೂಸಿನ ಮಾತು ಆಮೇಲೆ ಅಂತ ಉತ್ತರ ಬರೆದಿದ್ದೇನೆ.