ಗೆಡ್ಡೆಯ ಜೀನ್ ಪರೀಕ್ಷೆಗೆ ಮುನ್ನ: ಮೇಣದ ಬ್ಲಾಕ್ ಕೇಳಿ ಪಡೆಯಿರಿ

ಸಿಂಧನೂರು, ಮಾನ್ವಿ, ಲಿಂಗಸುಗೂರು ಕಡೆಯಿಂದ ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿಗೋ ಹೈದರಾಬಾದಿಗೋ ಹೊರಡುವವರ ಕೈಯಲ್ಲಿ ಫೈಲು, ಸ್ಕ್ಯಾನ್ ಫಿಲ್ಮ್ ಎಲ್ಲ ಇರುತ್ತವೆ. ಬಯಾಪ್ಸಿಯ ಬ್ಲಾಕ್, ಅಂದರೆ ಪರೀಕ್ಷೆಗೆಂದು ಗೆಡ್ಡೆಯಿಂದ ತೆಗೆದ ಚೂರನ್ನು ಮೇಣದಲ್ಲಿ ಇಟ್ಟ ತುಂಡು ಮಾತ್ರ ಊರಿನ ಲ್ಯಾಬಿನಲ್ಲೇ ಉಳಿದಿರುತ್ತದೆ. ಗೆಡ್ಡೆಯ ಜೀನುಗಳಲ್ಲಿ ಏನು ಬದಲಾಗಿದೆ ಎಂದು ನೋಡುವ ಜೀನ್ ಪರೀಕ್ಷೆ ಬೇಕೆಂದಾಗ ಆ ಬ್ಲಾಕ್ ಇಲ್ಲದಿದ್ದರೆ ರೋಗಿಗೆ ಮತ್ತೊಮ್ಮೆ ಬಯಾಪ್ಸಿಯ ನೋವು.

ಹಾಗಾಗಿ ಮೊದಲ ಕೆಲಸ ಇದೇ. ಬಯಾಪ್ಸಿ ವರದಿ, ಗುರುತಿನ ಚೀಟಿ ಹಿಡಿದು ಪೆಥಾಲಜಿ ವಿಭಾಗಕ್ಕೆ ಹೋಗಿ, ಅರ್ಜಿ ಬರೆದು ಕೊಟ್ಟು ಬ್ಲಾಕ್ ಕೇಳಿ. ಪುಟ್ಟ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿದ ಮೇಣ, ಅದರೊಳಗೆ ಉಗುರಿಗಿಂತ ಚಿಕ್ಕ ಮಾಂಸದ ಚೂರು. ಅಂಚಿನಲ್ಲಿ ಬರೆದ ನಂಬರೂ ವರದಿಯ ನಂಬರೂ ಒಂದೇ ಇದೆಯೇ ಎಂದು ಅಲ್ಲೇ ನೋಡಿಕೊಳ್ಳಿ. ನಮ್ಮ ರಾಯಚೂರಿನ ಏಪ್ರಿಲ್ ಬಿಸಿಲಿಗೆ ಅದನ್ನು ಕಾರಿನ ಗಾಜಿನ ಹಿಂದೆ ಇಡಲೇಬೇಡಿ, ಮೇಣ ಮೆತ್ತಗಾಗುತ್ತದೆ. ಡಬ್ಬಿಯಲ್ಲಿ ಹಾಕಿ ಕೈಚೀಲದಲ್ಲೇ ಇಟ್ಟುಕೊಳ್ಳಿ.

ದುಡ್ಡು ಕಟ್ಟುವ ಮುಂಚೆ ಒಂದು ಪ್ರಶ್ನೆ: “ಡಾಕ್ಟ್ರೇ, ಈ ಟೆಸ್ಟ್ ಮಾಡಿಸಿದ್ರ ಔಷಧ ಬದಲಾಗ್ತದೇನ್ರೀ?” ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇಜಿಎಫ್‌ಆರ್, ಎಎಲ್‌ಕೆ ಜೀನುಗಳಲ್ಲಿ ಬದಲಾವಣೆ ಸಿಕ್ಕರೆ ಅದಕ್ಕೆಂದೇ ಮಾತ್ರೆಗಳಿವೆ. ಗುಟ್ಕಾ, ತಂಬಾಕಿನಿಂದ ಬರುವ ಬಾಯಿ ಕ್ಯಾನ್ಸರಿಗೆ ಇಂದಿಗೂ ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ, ವಿಕಿರಣ. ಅಲ್ಲಿ ಆರಂಭದಲ್ಲೇ ದುಬಾರಿ ಪರೀಕ್ಷೆಗೆ ಅವಸರಪಡುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ಕೆಲವು ಪರೀಕ್ಷೆಗಳಿಗೆ ರಕ್ತವನ್ನೂ ಕೇಳುತ್ತಾರೆ, ಕೊಡಿ. ಹುಟ್ಟಿನಿಂದ ಬಂದ ಬದಲಾವಣೆ ಯಾವುದು, ಗೆಡ್ಡೆಯಲ್ಲಿ ಮಾತ್ರ ಆದದ್ದು ಯಾವುದು ಎಂದು ಬೇರ್ಪಡಿಸಲು ಅದು ಬೇಕು.

ವರದಿಯಲ್ಲಿ ‘ಅರ್ಥ ಖಚಿತವಿಲ್ಲದ ಬದಲಾವಣೆ’ ಎಂದಿದ್ದರೆ ಎದೆಗುಂದಬೇಡಿ. ಯಾವ ಬದಲಾವಣೆ ರೋಗ ಬೆಳೆಸುತ್ತದೆ, ಯಾವುದು ಸುಮ್ಮನೆ ಜೊತೆಗಿರುತ್ತದೆ ಎಂಬುದು ಒಂದು ಆಸ್ಪತ್ರೆಯ ರೋಗಿಗಳನ್ನಷ್ಟೇ ನೋಡಿದರೆ ತಿಳಿಯದು. ಅದಕ್ಕೇ ಅಮೆರಿಕದಲ್ಲಿ 2006ರಲ್ಲಿ ಶುರುವಾದ ಯೋಜನೆ 33 ಬಗೆಯ ಕ್ಯಾನ್ಸರುಗಳ 11,000ಕ್ಕೂ ಹೆಚ್ಚು ರೋಗಿಗಳ ಮಾದರಿ ಕಲೆಹಾಕಿತು. ಇದೇ ಕೆಲಸಕ್ಕೆ ಹಲವು ದೇಶಗಳು ಸೇರಿದ ಅಂತರರಾಷ್ಟ್ರೀಯ ಒಕ್ಕೂಟದಲ್ಲಿ ಭಾರತದ ಪಾಲಿಗೆ ಬಂದದ್ದು ವಸಡು, ಕೆನ್ನೆಯ ಕ್ಯಾನ್ಸರ್, ನಮ್ಮ ಕಡೆ ಮನೆಮನೆಗೂ ಗೊತ್ತಿರುವ ರೋಗ. ಪಶ್ಚಿಮ ಬಂಗಾಳದ ಕಲ್ಯಾಣಿ ಮತ್ತು ಮುಂಬೈನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟಿಪಿ53, ಕ್ಯಾಸ್ಪ್8ರಂಥ ಪರಿಚಿತ ಜೀನುಗಳ ಜೊತೆಗೆ ಯುಎಸ್‌ಪಿ9ಎಕ್ಸ್‌ನಂಥ ಹೊಸ ಹೆಸರುಗಳೂ ಕಂಡವು. ಅಷ್ಟರಿಂದಲೇ ಔಷಧ ಬಂದುಬಿಡಲಿಲ್ಲ. ಎಲ್ಲಿ ಹುಡುಕಬೇಕು ಎಂಬುದು ಗೊತ್ತಾಯಿತು.

ಕೊನೆಗೆ ಒಪ್ಪಿಗೆ ಪತ್ರ. ಸಂಶೋಧನೆಗೆ ನಿಮ್ಮ ಮಾದರಿ ಕೇಳಿದರೆ ಹೆಸರು ತೆಗೆದಿಡುತ್ತಾರೆಯೇ, ಮಾಹಿತಿ ಯಾರಿಗೆ ಹೋಗುತ್ತದೆ, ಆಮೇಲೆ ಬೇಡವೆನ್ನಬಹುದೇ ಎಂದು ಕೇಳಿ, ಕನ್ನಡದಲ್ಲಿ ಓದಿಸಿಕೊಂಡೇ ಸಹಿ ಮಾಡಿ. ಒಪ್ಪದಿದ್ದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಆದರೆ ಸಾಧ್ಯವಾದರೆ ಒಪ್ಪಿ: ನಮ್ಮ ಜನರ ಮಾದರಿಗಳು ಹೆಚ್ಚಿದಷ್ಟೂ ನಮ್ಮವರ ವರದಿಗಳಲ್ಲಿ ‘ಖಚಿತವಿಲ್ಲ’ ಎಂಬ ಸಾಲು ಕಡಿಮೆಯಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಉಳಿದ ಬ್ಲಾಕ್ ಮರಳಿ ಪಡೆದು, ಊರಿನ ಲ್ಯಾಬಿಗೆ ಕೊಟ್ಟು ರಸೀದಿ ಇಟ್ಟುಕೊಳ್ಳಿ.