ಫಾಸ್ಟರ್ ಕೇರ್ ತಂಡವನ್ನು ನಡೆಸುವುದು ಹೇಗೆ?

ಮನೆ ಭೇಟಿ ಆಯಿತೇ, ವರದಿ ಬರೆದಿರಾ, ಸಹಿ ಬಿತ್ತೇ? ಹೆತ್ತವರ ಜೊತೆ ಇರಲಾಗದ ಮಗುವನ್ನು ಸದ್ಯಕ್ಕೆ ಬೇರೊಂದು ಕುಟುಂಬದಲ್ಲಿರಿಸಿ ನೋಡಿಕೊಳ್ಳುವುದೇ ಫಾಸ್ಟರ್ ಕೇರ್. ಅದರ ಕಾರ್ಯಕರ್ತರ ಮೇಲ್ವಿಚಾರಣೆ ಹಲವೆಡೆ ಈ ಮೂರು ಪ್ರಶ್ನೆಗಳಿಗೇ ಮುಗಿದುಹೋಗುತ್ತದೆ. ಮಗುವಿನ ಮಾತು ಬರುವುದೇ ಇಲ್ಲ.

1. ಹೊರೆ ಎಣಿಸಿ. ಅಮೆರಿಕದ ಮಕ್ಕಳ ಕಲ್ಯಾಣ ಸಂಸ್ಥೆಗಳ ಒಕ್ಕೂಟವಾದ ಚೈಲ್ಡ್ ವೆಲ್ಫೇರ್ ಲೀಗ್ ಸೂಚಿಸುವ ಮಿತಿ ಒಬ್ಬ ಕಾರ್ಯಕರ್ತರಿಗೆ 12ರಿಂದ 15 ಮಕ್ಕಳು, ಒಬ್ಬ ಮೇಲ್ವಿಚಾರಕರಿಗೆ 5 ಕಾರ್ಯಕರ್ತರು. ಬರೀ ತಲೆ ಎಣಿಸಿದರೆ ಸಾಲದು. ಹೊಸದಾಗಿ ಮನೆ ಸೇರಿದ ಮಗುವನ್ನೂ ಬೇರೆ ಬೇರೆ ಮನೆಗಳಿಗೆ ಹಂಚಿಹೋದ ಒಡಹುಟ್ಟಿದವರನ್ನೂ ಎರಡರ ಲೆಕ್ಕಕ್ಕೆ ಹಿಡಿಯಿರಿ.

2. ಪ್ರತಿಯೊಬ್ಬ ಕಾರ್ಯಕರ್ತರ ಜೊತೆ ಮಾತಿಗೆ ವಾರಕ್ಕೆ ಒಂದು ಗಂಟೆ ಮೀಸಲಿಡಿ. ದಿನ, ಹೊತ್ತು ಬದಲಾಗಬಾರದು.

3. ಆ ಗಂಟೆಯನ್ನು ಬಳಸುವ ಬಗೆ. ಎಡವುವುದೇ ಇಲ್ಲಿ. ಕಾರ್ಯಕರ್ತರು ಗಲಾಟೆಯಿರುವ ಮನೆಯ ವಿಷಯವನ್ನೇ ಎತ್ತುತ್ತಾರೆ, ಸದ್ದಿಲ್ಲದ ಮಗು ತಿಂಗಳುಗಟ್ಟಲೆ ಚರ್ಚೆಗೇ ಬರುವುದಿಲ್ಲ. ಆದ್ದರಿಂದ ಪಟ್ಟಿ ನಿಮ್ಮ ಕೈಯಲ್ಲಿರಲಿ. ಪ್ರತಿ ಮಗುವಿನ ಸರದಿಯೂ ತಿಂಗಳಿಗೊಮ್ಮೆ ಬರಲೇಬೇಕು. ಹೊಸ ಮನೆಯಲ್ಲಿ ಮೊದಲ ಕೆಲವು ವಾರ ಮಗು ತೀರಾ ವಿಧೇಯವಾಗಿರುವುದುಂಟು. ಅದನ್ನು ನೆಮ್ಮದಿ ಎಂದು ಬರೆದುಕೊಂಡು ಭೇಟಿ ಕಡಿಮೆ ಮಾಡಿದ ಹೊತ್ತಿಗೇ ಹಠ, ನಿದ್ದೆಗೇಡು ಶುರುವಾಗುತ್ತವೆ.

ಕೇಳುವ ರೀತಿ ಹೀಗಿರಲಿ: ಮಗುವನ್ನು ದೊಡ್ಡವರಿಲ್ಲದೆ ಮಾತಾಡಿಸಿದಿರಾ? ಮಲಗುವ ಜಾಗ ನೋಡಿದಿರಾ? ಹಿಂದಿನ ಭೇಟಿಯಲ್ಲಿ ಇಲ್ಲದ್ದು ಈಗ ಏನು ಕಂಡಿತು? ಹೆತ್ತವರನ್ನು ಕಂಡು ಬಂದ ರಾತ್ರಿ ಹೇಗಿತ್ತು? ‘ಚೆನ್ನಾಗಿ ಹೊಂದಿಕೊಂಡಿದೆ’ ಎಂಬ ಉತ್ತರವನ್ನು ಒಪ್ಪಲೇಬೇಡಿ. ಅದು ಅಭಿಪ್ರಾಯ. ‘ಊಟವಾದ ಮೇಲೂ ತಿಂಡಿಯನ್ನು ದಿಂಬಿನಡಿ ಬಚ್ಚಿಟ್ಟಿತ್ತು’ ಎಂಬುದು ಕಂಡ ಸಂಗತಿ; ಹಿಂದೆ ಹಸಿದು ಬೆಳೆದ ಮಕ್ಕಳಲ್ಲಿ ಇದು ಸಾಮಾನ್ಯ. ಆಗ ಫಾಸ್ಟರ್ ತಾಯಿಗೆ ಹೇಳಬೇಕಾದದ್ದು ಗದರಬೇಡಿ, ಕೈಗೆಟಕುವಲ್ಲಿ ತಿನ್ನಲು ಏನಾದರೂ ಇಡಿ ಎಂದು. ಕಂಡದ್ದು ಹೀಗೆ ಬಿಡಿಬಿಡಿಯಾಗಿ ಬಂದರೆ ಮುಂದಿನ ಹೆಜ್ಜೆ ತಾನಾಗಿ ತೋರುತ್ತದೆ.

ಬರೀ ಟಿಕ್ ಹಾಕುವ ಭೇಟಿ ಆ್ಯಪ್‌ಗಳು ಈ ಕೆಲಸಕ್ಕೆ ಬಾರವು. ಹಳೆಯ ವರದಿಯನ್ನು ನಕಲಿಸಲು ಬಿಡುವ ಸಾಫ್ಟ್‌ವೇರ್ ಇನ್ನೂ ಕೆಟ್ಟದ್ದು: ಎಂಟು ವರ್ಷದ ಮಗುವಿಗೆ ಮೂರು ತಿಂಗಳ ಹಿಂದಿನ ಜ್ವರ ಹೊಸ ವರದಿಯಲ್ಲೂ ಇನ್ನೂ ಇರುತ್ತದೆ. ವಿಡಿಯೊ ಕರೆ ಭೇಟಿಯ ಜಾಗ ತುಂಬುವುದಿಲ್ಲ. ಫೋನ್ ಹಿಡಿದವರು ತೋರಿಸಿದ್ದಷ್ಟೇ ಕಾಣುವುದು.

4. ತೀರ್ಮಾನವನ್ನು ಅಲ್ಲೇ ಬರೆಯಿರಿ: ಯಾರು, ಏನು, ಯಾವ ದಿನದೊಳಗೆ. ಮಗುವನ್ನು ಬೇರೆ ಮನೆಗೆ ಕಳಿಸುವಂಥ ತೀರ್ಮಾನ ವಾಟ್ಸ್ಆ್ಯಪ್ ಗುಂಪಿನಲ್ಲಿ ಆಗಕೂಡದು.

5. ಮೂರು ತಿಂಗಳಿಗೊಮ್ಮೆ ಭೇಟಿಗೆ ಜೊತೆಯಲ್ಲಿ ಹೋಗಿ, ಸುಮ್ಮನೆ ಕೂತು ನೋಡಿ.

6. ಫಾಸ್ಟರ್ ಕುಟುಂಬದ ಮೇಲೆ ದೂರು ಬಂದರೆ ಅದೇ ದಿನ ಮಕ್ಕಳ ರಕ್ಷಣಾ ವ್ಯವಸ್ಥೆಗೆ ತಿಳಿಸಿ. ತನಿಖೆಯನ್ನು ಆ ಮನೆಯ ಕಾರ್ಯಕರ್ತರಿಗೆ ಕೊಡಬೇಡಿ. ಅವರೇ ಆರಿಸಿ ಬೆಳೆಸಿದ ಕುಟುಂಬ ಅದು. ಎಷ್ಟೇ ಪ್ರಾಮಾಣಿಕರಾದರೂ ಕಣ್ಣು ಮಂಜಾಗುತ್ತದೆ. ಮಗುವನ್ನು ಮನೆಯಿಂದ ಬಿಡಿಸಿ ತಂದ ಸಂಜೆ ಕಾರ್ಯಕರ್ತರಿಗೆ ನೀವೇ ಫೋನ್ ಮಾಡಿ. ವರದಿ ನಾಳೆ ಕೇಳಬಹುದು.

7. ಕಾರ್ಯಕರ್ತರು ಕೆಲಸ ಬಿಡುವಾಗ ಫೈಲ್ ಹಸ್ತಾಂತರಿಸಿ ಸುಮ್ಮನಾಗಬೇಡಿ. ಹಳಬರು, ಹೊಸಬರು ಇಬ್ಬರೂ ಕೂಡಿ ಪ್ರತಿ ಮಗುವನ್ನೂ ಕಾಣಲಿ. ‘ನಾನು ಹೋಗುತ್ತಿರುವುದು ನಿನ್ನಿಂದಾಗಿ ಅಲ್ಲ’ ಎಂದು ಹಳಬರು ಮಗುವಿಗೆ ತಾವೇ ಹೇಳಬೇಕು.